ಬಾವಿಗಳ ಫೈಲು

"ಕನ್ನಡಕ ಬೇಡ, ತೆಗೀರಿ. ಮಲಗಿರೋ ಹಾಗೆ ಕಾಣ್ತಿಲ್ಲ, ಏನೋ ಓದ್ತಿರೋ ಹಾಗೆ ಕಾಣುತ್ತೆ," ಎಂದು ತೀರಿಕೊಂಡವರ ತಂಗಿ ಅಣ್ಣನ ಮೂಗಿನ ಮೇಲಿದ್ದ ಕನ್ನಡಕಕ್ಕೆ ಕೈ ಹಾಕಿದಳು.

"ಜೀವನಪೂರ್ತಿ ಓದ್ತಾನೇ ಇದ್ರಲ್ಲ ಅತ್ತೆ. ಇರ್ಲಿ ಬಿಡಿ," ಎಂದು ಮಗ ಅದನ್ನು ಮತ್ತೆ ಹಾಕಿದ.

ಬೆಳಗಿನಿಂದ ಇದು ಮೂರನೇ ಸಲ. ಚಹಾದ ತಟ್ಟೆ ಹಿಡಿದು ಬರುತ್ತಿದ್ದ ಅರ್ಜಿಯಕ್ಕ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಕನ್ನಡಕವನ್ನು ಕರವಸ್ತ್ರದಿಂದ ಒರೆಸಿ, ತಾನೇ ನೆಟ್ಟಗೆ ಕೂರಿಸಿದಳು.

"ಇದಿಲ್ಲದೆ ಸಾರ್‌ನ ನೋಡಿದೋರು ಯಾರಿದ್ದಾರೆ? ಬಂದೋರು ಬೇರೆ ಯಾರದೋ ಮನೆಗೆ ಬಂದ್ವೇನೋ ಅಂತ ವಾಪಸ್ ಹೋಗ್ತಾರೆ ಅಷ್ಟೇ."

ಸಾವಿನ ಮನೆಯಲ್ಲಿ ನಗಬಾರದು ಎಂಬುದನ್ನು ಮರೆತು ನಾಲ್ಕೈದು ಜನ ನಕ್ಕರು. ತಲೆಯ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ಅತ್ತಿಗೆಯ ತುಟಿ ಕೂಡ ಒಂದು ಕ್ಷಣ ಸಡಿಲವಾಯಿತು. ಅತ್ತಿಗೆ ಎಂದರೆ ತೀರಿಕೊಂಡವರ ಹೆಂಡತಿ. ಅರ್ಜಿಯಕ್ಕನಿಗೂ ಈ ಮನೆಗೂ ರಕ್ತಸಂಬಂಧವೇನಿಲ್ಲ. "ಆಫೀಸಿನಲ್ಲಿ ಸಾರ್ ಅನ್ನು, ಮನೆಗೆ ಬಂದಾಗ ಅಣ್ಣ ಅಂದ್ಕೋ," ಎಂದು ಇಪ್ಪತ್ತನಾಲ್ಕು ವರ್ಷದ ಹಿಂದೆ ಅವರು ಹೇಳಿದ್ದರು. ಅಣ್ಣ ಎನ್ನಲು ಆಕೆಗೆ ಕೊನೆವರೆಗೂ ನಾಲಿಗೆ ಹೊರಳಲಿಲ್ಲ. ಅವರ ಹೆಂಡತಿ ಮಾತ್ರ ಮೊದಲ ದಿನವೇ ಅತ್ತಿಗೆಯಾಗಿಬಿಟ್ಟರು.

ವಾಹನ ಮೂರು ಗಂಟೆಗೆ ಬರುವುದೆಂದು ಗೊತ್ತಾಗಿತ್ತು. ಅಷ್ಟರೊಳಗೆ ಮಾಡುವ ಕೆಲಸ ಬೇಕಾದಷ್ಟಿತ್ತು. ಬಾಡಿಗೆ ಕುರ್ಚಿಗಳನ್ನು ಇಳಿಸಿಕೊಳ್ಳಬೇಕು, ಬಂದವರ ಚಪ್ಪಲಿ ಮೆಟ್ಟಿಲಿಗೆ ಅಡ್ಡವಾಗದಂತೆ ನೋಡಬೇಕು, ಗಳಿಗೆಗೊಮ್ಮೆ ಎದ್ದು ನಿಲ್ಲುವ ಅತ್ತಿಗೆಯನ್ನು ಗದರಿ ಕೂರಿಸಬೇಕು. ಅರ್ಜಿಯಕ್ಕ ಬೆಳಿಗ್ಗೆ ಆರಕ್ಕೇ ಬಂದಿದ್ದಳು. ಬರುವ ಮೊದಲು ಇನ್ನೊಂದು ಕೆಲಸವನ್ನೂ ಮುಗಿಸಿದ್ದಳು. ಅವರ ಆಫೀಸಾದ ದತ್ತಾಂಶ ಭಂಡಾರದ ನಿರ್ದೇಶಕಿ ಹಿಂದಿನ ರಾತ್ರಿ ಫೋನ್ ಮಾಡಿ, "ಅವರನ್ನು ನಿಮ್ಮಷ್ಟು ಬಲ್ಲವರು ಯಾರೂ ಇಲ್ಲ. ಒಂದು ಪುಟ ಬರೀರಿ, ಸ್ಮಶಾನದಲ್ಲಿ ನೀವೇ ಓದಿ," ಎಂದಿದ್ದರು. ಬರೆದ ಆ ಪುಟ ಆಕೆಯ ಕೈಚೀಲದಲ್ಲಿ ನಾಲ್ಕು ಮಡಿಕೆಯಾಗಿ ಕೂತಿತ್ತು. ಬರೆಯುವಾಗ ಎರಡು ಸಲ ಕಣ್ಣು ತುಂಬಿ ಅಕ್ಷರ ಕಾಣದೆ ನಿಲ್ಲಿಸಬೇಕಾಗಿತ್ತು.

*

ಅವರಿಬ್ಬರೂ ಕೆಲಸ ಮಾಡಿದ ದತ್ತಾಂಶ ಭಂಡಾರವನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ಅರ್ಜಿಯಕ್ಕನ ಗಂಡನೇ ಮದುವೆಯಾದ ಎರಡು ವರ್ಷದ ತನಕ ಅದನ್ನು ಒಂದು ನಮೂನೆಯ ಗ್ರಂಥಾಲಯ ಎಂದುಕೊಂಡಿದ್ದ. ಸಂಶೋಧಕರು ಹತ್ತು ಇಪ್ಪತ್ತು ವರ್ಷ ಊರೂರು ಅಲೆದು ಅಳೆದದ್ದು, ಎಣಿಸಿದ್ದು, ಕೇಳಿ ಬರೆದದ್ದು ಎಲ್ಲವನ್ನೂ ತಂದು ಅಲ್ಲಿ ಒಪ್ಪಿಸಿ ಹೋಗುತ್ತಾರೆ. ಭಂಡಾರದವರು ಅದನ್ನು ಸಾಲು ಸಾಲಾಗಿ ಪರಿಶೀಲಿಸುತ್ತಾರೆ. ಹೆಸರು ವಿಳಾಸಗಳನ್ನು ಕಿತ್ತು ಬದಲಿಗೆ ಸಂಕೇತ ಕೊಡುತ್ತಾರೆ, ಯಾವ ಕಾಲಂ ಎಂದರೆ ಏನು ಎಂದು ವಿವರಣೆ ಬರೆಯುತ್ತಾರೆ, ಯಾರು ನೋಡಬಹುದು ಯಾರು ನೋಡಬಾರದು ಎಂದು ಷರತ್ತು ಹಾಕುತ್ತಾರೆ. ಆಮೇಲೆ ಫೈಲಿನ ಬೆರಳಗುರುತು ತೆಗೆಯುತ್ತಾರೆ. ಅದೊಂದು ಉದ್ದನೆಯ ಸಂಖ್ಯೆ. ಒಳಗಿನ ಒಂದೇ ಒಂದು ಅಂಕಿ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಅಲ್ಲಿಗೆ ಫೈಲು 'ಮೂಲ' ಎನಿಸಿಕೊಂಡು ಒಳಗೆ ಹೋಯಿತು. ಇನ್ನು ಯಾರಿಗೇ ಏನೇ ಬೇಕಾದರೂ ನಕಲು ತೆಗೆದು ನಕಲಿನಲ್ಲಿ ನೋಡಬೇಕು. ಮೂಲವನ್ನು ಮುಟ್ಟುವಂತಿಲ್ಲ.

ಪರಿಶೀಲನಾ ಕೋಣೆಯ ಮುಖ್ಯಸ್ಥರಾಗಿದ್ದ ಸಾರ್‌ಗೆ ಸೊನ್ನೆ ಸಾರ್ ಎಂದು ಹೆಸರು ಬಿದ್ದದ್ದು ಅವರು ಹೊಸಬರಿಗೆ ಮಾಡುತ್ತಿದ್ದ ಮೊದಲ ಪಾಠದಿಂದ. "ಅಂಕಿಯ ಹಿಂದಿನ ಸೊನ್ನೆ ಹೋದ್ರೆ ಹತ್ತು ಜನ ಬೊಬ್ಬೆ ಹೊಡೀತಾರೆ. ಮುಂದಿನ ಸೊನ್ನೆ ಹೋದ್ರೆ ದೇವರಿಗೂ ಗೊತ್ತಾಗಲ್ಲ. ನೀವು ಸಂಬಳ ತಗೊಳ್ಳೋದು ಮುಂದಿನ ಸೊನ್ನೆ ಕಾಯೋಕ್ಕೆ." ಕಾರಣವಿತ್ತು. ಬರೀ ನೋಡೋಣವೆಂದು ಫೈಲನ್ನು ಸ್ಪ್ರೆಡ್‌ಶೀಟಿನಲ್ಲಿ ತೆರೆದರೆ ಸಾಕು, ಆ ಮಹಾಬುದ್ಧಿವಂತ ತಂತ್ರಾಂಶ ಅಂಕಿಗಳ ಮುಂದಿನ, ಅಂದರೆ ಎಡತುದಿಯ, ಸೊನ್ನೆಗಳನ್ನೆಲ್ಲ ಕಸವೆಂದು ಗುಡಿಸಿಬಿಡುತ್ತದೆ. ಮುಚ್ಚುವಾಗ "ಉಳಿಸಲೇ?" ಎಂದು ವಿನಯದಿಂದ ಕೇಳುತ್ತದೆ. ಅಭ್ಯಾಸಬಲದಿಂದ ಹೂಂ ಎಂದರೆ ಕತೆ ಮುಗಿಯಿತು.

ಆಗ ಅರ್ಜಿಯಕ್ಕ ಇನ್ನೂ ಅರ್ಜಿಯಕ್ಕನಾಗಿರಲಿಲ್ಲ. ಆ ಕೋಣೆಯಲ್ಲಿ ಅತಿ ಚುರುಕಿನ ಪರಿಶೀಲಕಿ ಅವಳೇ. ಮೂಲದ ಬೀಗ ತೆರೆಯುವ ಅಧಿಕಾರ ಇದ್ದದ್ದು ಇಬ್ಬರಿಗೇ, ಸಾರ್‌ಗೆ ಮತ್ತು ಅವಳಿಗೆ. ಇಬ್ಬರಿಗೂ ಸೇರಿ ಒಂದೇ ಪಾಸ್‌ವರ್ಡು. ಅವಳು ಕೆಲಸ ಮುಗಿಸಿ ಕೊಟ್ಟ ಫೈಲನ್ನು ಸಾರ್ ಎರಡನೇ ಸಲ ನೋಡುತ್ತಿರಲಿಲ್ಲ. "ನಿನ್ನ ಕೈ ನಂಬಬಹುದು ಕಣಮ್ಮ," ಎನ್ನುತ್ತಿದ್ದರು. ಅಷ್ಟು ಹೊಗಳಿಕೆಗೆ ಅವಳು ವಾರಗಟ್ಟಲೆ ಹಿಗ್ಗುತ್ತಿದ್ದಳು.

*

ಹನ್ನೊಂದು ಗಂಟೆಯ ಹೊತ್ತಿಗೆ ಅತ್ತಿಗೆ ಅರ್ಜಿಯಕ್ಕನ ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದರು. ಬಾಗಿಲನ್ನು ಮುಂದೆ ಮಾಡಿದರು.

"ಇಷ್ಟು ವರ್ಷ ಬಾಯಿ ಬಿಡಬೇಡ ಅಂತ ಆಣೆ ಹಾಕಿಸಿದ್ರು. ಇನ್ಯಾಕೆ ಆಣೆ, ಅವರೇ ಹೋದ್ಮೇಲೆ," ಎಂದರು. "ನಿನಗೆ ಒಂದು ಸಲನಾದ್ರೂ ಕೈಮುಗಿದು ಹೇಳ್ಬೇಕಿತ್ತು. ಹೆತ್ತ ಮಗಳೂ ಮಾಡ್ತಿರಲಿಲ್ಲ ನೀನು ಮಾಡಿದ್ದನ್ನ."

"ಏನು ಮಾಡ್ದೆ ಅತ್ತಿಗೆ ನಾನು? ನಾಲ್ಕು ಕಪ್ ಚಹಾ ಕೊಟ್ಟೆ."

"ಆಟ ಆಡ್ಬೇಡ. ಆ ಬಾವಿಗಳ ಫೈಲಿನ ವಿಷಯ. ಅವರ ತಪ್ಪನ್ನ ನೀನು ಮೈಮೇಲೆ ಹಾಕ್ಕೊಂಡ್ಯಲ್ಲ."

ಮಾತು ಅರ್ಜಿಯಕ್ಕನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅತ್ತಿಗೆ ಮಾತ್ರ ಹನ್ನೊಂದು ವರ್ಷ ತಡೆದಿಟ್ಟ ಮಾತನ್ನು ಒಂದೇ ಉಸಿರಿಗೆ ಸುರಿಯುತ್ತಿದ್ದರು.

"ತಪ್ಪು ಒಂದು ಲೆಕ್ಕದಲ್ಲಿ ನನ್ನದೇ. ಮದುವೆಯಾದ ಹೊಸದರಲ್ಲಿ ನಾವಿದ್ದ ಬಾಡಿಗೆ ಮನೆ ಹಿಂದೆ ಒಂದು ಬಾವಿ ಇತ್ತು. ಆ ನೀರು ಸಿಹಿ ಅಂತ ನಾನು, ಸಪ್ಪೆ ಅಂತ ಅವರು, ದಿನಾ ಜಗಳ. ಬಾವಿ ನೀರೆಲ್ಲ ಪರೀಕ್ಷೆ ಮಾಡಿದ ಆ ಮೇಷ್ಟ್ರ ಫೈಲಿನಲ್ಲಿ ಆ ಬಾವಿನೂ ಇದೆಯಾ ನೋಡ್ಕೊಂಡು ಬನ್ನಿ ಅಂತ ನಾನೇ ಗಂಟುಬಿದ್ದೆ. ಸಂಜೆ ಹೊರಡೋ ಗಡಿಬಿಡಿ, ನಕಲು ತೆಗೆಯೋಕ್ಕೆ ಎಲ್ಲಿ ಹೊತ್ತು ಅಂತ ಮೂಲನೇ ತೆರೆದ್ರಂತೆ. ಮನೆಗೆ ಬಂದು, 'ನೀನೇ ಗೆದ್ದೆ, ಸಿಹಿ ನೀರೇ' ಅಂದ್ರು. ಎಷ್ಟು ನಕ್ಕಿದ್ವಿ ಗೊತ್ತಾ ಅವತ್ತು ಇಬ್ಬರೂ." ಅತ್ತಿಗೆ ಕಣ್ಣೊರೆಸಿಕೊಂಡರು. "ಸೊನ್ನೆಗಳೆಲ್ಲ ಹೋಗಿವೆ ಅಂತ ಮೂರು ತಿಂಗಳಾದ್ಮೇಲೆ ಅಲ್ವಾ ಗೊತ್ತಾಗಿದ್ದು. ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು ಅವರಿಗೆ. ನೀನಾಗಿಯೇ ಬಂದು, 'ಸಾರ್, ನಂದು ಅಂತ ಹೇಳ್ತೀನಿ. ನನಗಿನ್ನೂ ವಯಸ್ಸಿದೆ, ನೀವು ತಲೆಯೆತ್ತಿಕೊಂಡು ಮನೆಗೆ ಹೋಗಿ' ಅಂದ್ಯಂತೆ. ಅದನ್ನ ಹೇಳುವಾಗ ಮಗು ಥರ ಅತ್ತುಬಿಟ್ರು."

ಅರ್ಜಿಯಕ್ಕ ಕಟ್ಟೆಯ ಅಂಚನ್ನು ಹಿಡಿದುಕೊಂಡಳು. ಒಲೆಯ ಮೇಲಿದ್ದ ಹಾಲು ಉಕ್ಕಿ ಬರುತ್ತಿತ್ತು, ಒಲೆ ಆರಿಸಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

*

ಬಾವಿಗಳ ಫೈಲು ಒಬ್ಬ ಮುದುಕ ಮೇಷ್ಟ್ರದು. ಒಂಬೈನೂರು ಬಾವಿಗಳ ನೀರನ್ನು ಇಪ್ಪತ್ತೆರಡು ವರ್ಷ ಪರೀಕ್ಷೆ ಮಾಡಿ ಬರೆದಿಟ್ಟಿದ್ದರು. ಪ್ರತಿ ಬಾವಿಗೂ ಒಂದು ಸಂಕೇತ. ಒಂದು ಪ್ರದೇಶದ್ದು ೦೪೧೭ ಆದರೆ ಇನ್ನೊಂದರದ್ದು ೦೦೪೧೭. ಸೊನ್ನೆಗಳು ಹೋದ ಮೇಲೆ ಎರಡೂ ೪೧೭. ಒಳ್ಳೆಯ ನೀರು ಯಾವುದು, ಕೆಟ್ಟ ನೀರು ಯಾವುದು ಎಂದು ಹೇಳಲು ಬ್ರಹ್ಮನಿಗೂ ಸಾಧ್ಯವಿರಲಿಲ್ಲ. ಮೂರು ತಿಂಗಳಿಗೊಮ್ಮೆ ಬೆರಳಗುರುತು ತಾಳೆ ನೋಡುವ ದಿನ ವಿಷಯ ಹೊರಬಿದ್ದಿತು. ದೂರದ ಕಟ್ಟಡದಲ್ಲಿ ಇಟ್ಟಿದ್ದ ಎರಡನೇ ಪ್ರತಿ ವಾರಕ್ಕೊಮ್ಮೆ ಮೊದಲನೆಯದನ್ನು ನೋಡಿ ತನ್ನನ್ನು ತಿದ್ದಿಕೊಳ್ಳುತ್ತಿದ್ದುದರಿಂದ ಅದೂ ಕೆಟ್ಟು ಕೂತಿತ್ತು. ಅಷ್ಟರಲ್ಲಿ ಎಂಟು ಜನ ನಕಲು ಒಯ್ದಾಗಿತ್ತು. ಅದನ್ನು ನಂಬಿ ಒಂದು ಊರಿನವರು ಸಿಹಿ ನೀರಿನ ನಲವತ್ತು ಬಾವಿಗಳನ್ನು ಮುಚ್ಚಿಸಿದ್ದರು.

ಆ ದಿನ ಸಾರ್ ಅವಳನ್ನು ಪಕ್ಕಕ್ಕೆ ಕರೆದರು. ಅವಳಿಗೆ ತಡವಾಗಿ ಹುಟ್ಟಿದ ಮಗಳು ಆಗಿನ್ನೂ ಎಂಟು ತಿಂಗಳ ಕೂಸು.

"ಮೂಲ ಬದಲಾದ ತಾರೀಖು ದಾಖಲೆಯಲ್ಲಿದೆ. ಅವತ್ತು ಮಧ್ಯಾಹ್ನದವರೆಗೂ ಆ ಫೈಲಿನ ಮೇಲೆ ಕೂತಿದ್ದೋಳು ನೀನೇ ಅಲ್ವೇನಮ್ಮ?"

"ಹೌದು ಸಾರ್. ಆದ್ರೆ ನಾನು ನಕಲಿನಲ್ಲಿ..."

"ನಕಲು ಅಂದ್ಕೊಂಡಿರ್ತೀಯ. ಮಗು ರಾತ್ರಿಯಿಡೀ ಮಲಗಲ್ಲ ಅಂತ ನೀನೇ ಹೇಳ್ತಿದ್ದೆ. ನಿದ್ದೆಗೆಟ್ಟ ತಲೆ. ಯೋಚನೆ ಮಾಡಿ ನೋಡು."

ಅವಳು ಯೋಚನೆ ಮಾಡಿದಳು. ಮಾಡಿದಷ್ಟೂ ಹೌದೇನೋ ಅನ್ನಿಸಿತು. ಮರುದಿನದ ಹೊತ್ತಿಗೆ ಹೌದು ಎಂದೇ ಆಯಿತು. 'ನನ್ನ ಅಜಾಗರೂಕತೆಯಿಂದ' ಎಂಬ ಕಾಗದವನ್ನು ಸಾರ್ ಹೇಳಿದರು, ಅವಳು ಬರೆದು ಸಹಿ ಹಾಕಿದಳು. ಅವಳ ಪರವಾಗಿ ಸಾರ್ ಅಂದಿನ ನಿರ್ದೇಶಕರ ಕಾಲು ಹಿಡಿಯುವುದೊಂದು ಬಾಕಿ. ಕೆಲಸ ಉಳಿಯಿತು. ಪರಿಶೀಲನಾ ಕೋಣೆ ಹೋಯಿತು. ಫೈಲು ಬೇಕೆಂದು ಬರುವವರ ಅರ್ಜಿ ಪಡೆಯುವ ಕಿಟಕಿಯಲ್ಲಿ ಕೂರಿಸಿದರು, ಅರ್ಜಿಯಕ್ಕ ಎಂಬ ಹೆಸರು ಅಂಟಿಕೊಂಡಿತು.

ಮೇಷ್ಟ್ರ ಅರವತ್ತೊಂದು ನೋಟುಪುಸ್ತಕಗಳಿಂದ ಎಲ್ಲವನ್ನೂ ಹೊಸದಾಗಿ ತುಂಬಬೇಕಾಯಿತು. ಐದು ತಿಂಗಳು. ಸಾರ್ ಪಕ್ಕದಲ್ಲಿ ಕೂತು ಓದಿ ಹೇಳುವರು, ಅವಳು ತುಂಬುವಳು. "ಸೊನ್ನೆ, ಸೊನ್ನೆ, ನಾಲ್ಕು, ಒಂದು, ಏಳು." ಆ ಧ್ವನಿಯಲ್ಲಿ ಒಂದು ದಿನವಾದರೂ ಬೇಸರ ಕಾಣಲಿಲ್ಲ. "ನನ್ನಿಂದ ನಿಮಗೆ ಎಷ್ಟು ಕಷ್ಟ ಆಯ್ತು ಸಾರ್," ಎಂದು ಅವಳು ಎಷ್ಟು ಸಲ ಅತ್ತಿದ್ದಳೋ. ಅವರು ಪ್ರತಿ ಸಲವೂ ಪುಟದಿಂದ ಕಣ್ಣೆತ್ತದೆ, "ಆಗುತ್ತೆ ಬಿಡು, ಮನುಷ್ಯರು ತಾನೇ," ಎನ್ನುತ್ತಿದ್ದರು. ಎಂಥ ದೊಡ್ಡ ಮನಸ್ಸು ಎಂದುಕೊಂಡಿದ್ದಳು.

ಭಂಡಾರದಲ್ಲಿ ಯಾವ ಟಿಪ್ಪಣಿಯನ್ನೂ ಅಳಿಸುವ ಪದ್ಧತಿಯಿಲ್ಲ. ಬಾವಿಗಳ ಫೈಲನ್ನು ಯಾರೇ ತೆರೆದರೂ ಮೊದಲು ಕಾಣುವ ಸಾಲು: 'ಹಿಂದಿನ ರೂಪ ಸಿಬ್ಬಂದಿಯೊಬ್ಬರ ಅಜಾಗರೂಕತೆಯಿಂದ ಕೆಟ್ಟಿತ್ತು.' "ಯಾರಕ್ಕ ಆ ಪುಣ್ಯಾತ್ಮರು?" ಎಂದು ಹುಡುಗರು ಕಿಟಕಿಯಲ್ಲಿ ತಮಾಷೆ ಮಾಡುತ್ತಿದ್ದರು. "ನಾನೇ," ಎನ್ನುತ್ತಿದ್ದಳು.

ಹುಡುಗರ ನಗೆಯನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಅವಳಿಗೆ ತನ್ನ ಕೈಯ ಮೇಲಿನ ನಂಬಿಕೆಯೇ ಹೊರಟುಹೋಯಿತು. ಬೀಗ ಹಾಕಿ ಅರ್ಧ ದಾರಿಗೆ ಹೋದವಳು ಹಿಂದಿರುಗಿ ಬರುವಳು. ಮಗಳಿಗೆ ಜ್ವರ ಬಂದರೆ ಔಷಧಿಯನ್ನು ಗಂಡನೇ ಅಳೆದು ಕುಡಿಸಬೇಕು. "ನಾನು ತಪ್ಪು ಅಳೆದ್ರೆ?" ಎಂದು ಚಮಚ ಅವನ ಕೈಗೆ ಕೊಡುವಳು. ಗಂಡ ಮೊದಮೊದಲು ನಕ್ಕ, ಆಮೇಲೆ ನಗುವುದನ್ನು ಬಿಟ್ಟ.

*

ಹಾಲು ಉಕ್ಕಿ ಒಲೆ ತಾನಾಗಿಯೇ ಆರಿತು. ಸೀದ ವಾಸನೆ ಅಡುಗೆಮನೆ ತುಂಬಿತು.

"ನಾನು ಹಾಗೆ ಹೇಳಿಲ್ಲ ಅತ್ತಿಗೆ," ಎಂದಳು ಅರ್ಜಿಯಕ್ಕ. ತನ್ನ ಧ್ವನಿ ಅಷ್ಟು ಮೆಲ್ಲಗಿದ್ದುದಕ್ಕೆ ಅವಳಿಗೇ ಆಶ್ಚರ್ಯವಾಯಿತು. "ನಾನೇ ಮಾಡಿದ್ದು ಅಂತ ಸಾರ್ ನನಗೆ ಹೇಳಿದ್ರು. ನಾನು ನಂಬಿದೆ. ಇವತ್ತಿನವರೆಗೂ ನಂಬಿದ್ದೆ."

ಅತ್ತಿಗೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಮುಖದ ಬಣ್ಣವೇ ಇಳಿದುಹೋಯಿತು.

"ಹಾಗಾದ್ರೆ... ನನ್ನ ಹತ್ರ ಅತ್ತಿದ್ದು?"

"ನನಗೇನು ಗೊತ್ತು ಅತ್ತಿಗೆ."

"ನನಗೂ ಸುಳ್ಳು ಹೇಳಿದ್ರಾ?" ಅತ್ತಿಗೆ ನೆಲದ ಮೇಲೆಯೇ ಕೂತರು. ಹೊರಗೆ ಯಾರೋ ಬಂದವರು ಗಟ್ಟಿಯಾಗಿ ಅಳುವುದು ಕೇಳಿಸಿತು. "ನಲವತ್ತೆರಡು ವರ್ಷ ಸಂಸಾರ ಮಾಡಿದೀನಿ ಕಣೇ."

ಅರ್ಜಿಯಕ್ಕನಿಗೆ ಅವರ ಮೇಲೆ ಕನಿಕರ ಹುಟ್ಟಿತು, ಕನಿಕರ ಹುಟ್ಟಿದ್ದಕ್ಕೆ ಸಿಟ್ಟೂ ಬಂತು. ಸಿಟ್ಟು ಮಾಡಿಕೊಳ್ಳಬೇಕಾದ ಮನುಷ್ಯ ಕನ್ನಡಕ ಹಾಕಿಕೊಂಡು ಹೂವಿನ ನಡುವೆ ಹಾಯಾಗಿ ಮಲಗಿದ್ದ. ಎಬ್ಬಿಸಿ ಕೇಳುವಂತಿಲ್ಲ. ಐದು ತಿಂಗಳು ಪಕ್ಕದಲ್ಲಿ ಕೂತಿದ್ದಿರಲ್ಲ ಸಾರ್, ಒಂದು ದಿನ, ಒಂದೇ ಒಂದು ದಿನ ಬಾಯಿ ಬರಲಿಲ್ಲವೇ ನಿಮಗೆ?

"ಇದನ್ನ ಆಫೀಸಿನಲ್ಲಿ ಹೇಳ್ಬೇಕು ಅತ್ತಿಗೆ. ಆ ಟಿಪ್ಪಣಿ ಕೆಳಗೆ ಇನ್ನೊಂದು ಟಿಪ್ಪಣಿ ಬರ್ಬೇಕು. ನನ್ನ ಮಾತು ಯಾರೂ ನಂಬಲ್ಲ. ನೀವು ಹೇಳಿದ್ರೆ ನಂಬ್ತಾರೆ."

ಅತ್ತಿಗೆ ಅವಳ ಎರಡೂ ಕೈ ಹಿಡಿದುಕೊಂಡರು. "ಹೇಳ್ತೀನಿ. ಖಂಡಿತ ಹೇಳ್ತೀನಿ. ಇವತ್ತೊಂದು ದಿನ ಕಳೀಲಿ. ಮಗನಿಗೆ ಅಪ್ಪ ಅಂದ್ರೆ ಪ್ರಾಣ ಕಣೇ. ಇವತ್ತೊಂದು ದಿನ ಹೊಟ್ಟೆಗೆ ಹಾಕ್ಕೋ."

ಒಂದು ದಿನ ತಾನೇ ಎಂದು ಅರ್ಜಿಯಕ್ಕ ತಲೆಯಾಡಿಸಿದಳು. ಹನ್ನೊಂದು ವರ್ಷಕ್ಕೆ ಇನ್ನೊಂದು ದಿನ ಯಾವ ಮಹಾ.

ಎರಡು ಗಂಟೆಗೆ ನಿರ್ದೇಶಕಿ ದೊಡ್ಡ ಹೂಗುಚ್ಛದೊಂದಿಗೆ ಬಂದರು. ನಾಲ್ಕು ವರ್ಷದ ಹಿಂದೆ ಬೇರೆ ಕಡೆಯಿಂದ ಬಂದವರು, ಸೊನ್ನೆ ಸಾರ್ ಅವರನ್ನು ಕಂಡದ್ದು ಎರಡೇ ಸಲ. ಮಗನ ಭುಜ ತಟ್ಟಿ, "ಪರಿಶೀಲನಾ ಕೋಣೆಗೆ ನಿಮ್ಮ ತಂದೆ ಹೆಸರು ಇಡ್ತಿದ್ದೀವಿ," ಎಂದರು. ಮಗ ಬಿಕ್ಕಿ ಬಿಕ್ಕಿ ಅತ್ತ. ಅತ್ತಿಗೆ ಹೂವಿನ ದಳಗಳನ್ನು ಸರಿಮಾಡುತ್ತ ಕೂತರು.

ಅರ್ಜಿಯಕ್ಕ ನಿರ್ದೇಶಕಿಯನ್ನು ಬಾಗಿಲ ಬಳಿ ಹಿಡಿದಳು. "ಮೇಡಂ, ಆ ಕಾಗದ ಬೇರೆ ಯಾರಾದ್ರೂ ಓದ್ಲಿ. ನನ್ನ ಕೈಲಾಗಲ್ಲ."

"ಅದು ಹೇಗಾಗುತ್ತೆ ಅಕ್ಕ? ಶಿಷ್ಯೆ ನೀವು. ನಿಮ್ಮ ಬಾಯಿಂದ ಬಂದ್ರೇ ಚಂದ."

*

ಸ್ಮಶಾನದಲ್ಲಿ ಬಿಸಿಲು ಇಳಿಯುತ್ತಿತ್ತು. ಅಗೆದ ಗುಂಡಿಯ ಪಕ್ಕ ಇಬ್ಬರು ಆಳುಗಳು ಸಲಿಕೆಗೆ ಒರಗಿ ನಿಂತಿದ್ದರು. ಬಂದವರು ಅರ್ಧವೃತ್ತವಾಗಿ ನಿಂತರು, ವಯಸ್ಸಾದವರಿಗೆ ಮೂರು ಕುರ್ಚಿ ಹಾಕಿತ್ತು. ಶವಪೆಟ್ಟಿಗೆ ಇಳಿಸುವ ಮೊದಲು ನಿರ್ದೇಶಕಿ ಕಣ್ಸನ್ನೆ ಮಾಡಿದರು. ಅರ್ಜಿಯಕ್ಕ ಮುಂದೆ ಬಂದು ಕಾಗದ ಬಿಡಿಸಿದಳು.

ಮೊದಲ ಸಾಲುಗಳು ಸುಲಭವಾಗಿದ್ದವು, ಏಕೆಂದರೆ ಅವು ನಿಜವಾಗಿದ್ದವು. ಸಾರ್ ಊಟದ ಡಬ್ಬಿಯನ್ನು ಯಾವಾಗಲೂ ಇಬ್ಬರಿಗಾಗುವಷ್ಟು ತರುತ್ತಿದ್ದರು. ಬಸ್ಸು ತಪ್ಪಿದ ಹೊಸಬರನ್ನು ತಮ್ಮ ಸ್ಕೂಟರಿನಲ್ಲಿ ಬಿಟ್ಟುಬರುತ್ತಿದ್ದರು. ಅವಳು ಓದಿದಳು, ಜನ ತಲೆದೂಗಿದರು. ಆಮೇಲೆ ಆ ಸಾಲು ಬಂತು.

"ಮೂವತ್ತಾರು ವರ್ಷಗಳಲ್ಲಿ ಅವರ ಕೈಯಿಂದ..."

ಅಲ್ಲಿಗೆ ನಿಂತಳು. ಬೆಳಿಗ್ಗೆ ತಾನೇ ಕಣ್ಣೀರು ಹಾಕಿ ಬರೆದ ಅಕ್ಷರಗಳು. ಅತ್ತಿಗೆಯ ಕಡೆ ನೋಡಿದಳು. ಅತ್ತಿಗೆ ಬೇಡ ಎಂಬಂತೆ ಅತಿ ಸಣ್ಣಗೆ ತಲೆಯಾಡಿಸಿದರು.

ಒಂದು ದಿನ ಸುಮ್ಮನಿರುತ್ತೇನೆಂದು ಒಪ್ಪಿದ್ದು ನಿಜ. ಈ ಸುಳ್ಳನ್ನು ತನ್ನ ಬಾಯಿಂದಲೇ ಹೇಳುತ್ತೇನೆಂದು ಅವಳು ಒಪ್ಪಿರಲಿಲ್ಲ.

"ಮುಂದಿನ ಸಾಲು ಬೆಳಿಗ್ಗೆ ಬರೀವಾಗ ನಿಜ ಅಂತಾನೇ ಬರೆದೆ," ಎಂದಳು. "ಅದು ನಿಜ ಅಲ್ಲ. ಬಾವಿಗಳ ಫೈಲು ಕೆಡಿಸಿದ್ದು ಸಾರ್. ನಾನಲ್ಲ. ಅತ್ತಿಗೆಗೆ ಗೊತ್ತು."

ಯಾರೋ ಕೆಮ್ಮಿದರು. ಮಗ ತಾಯಿಯ ಕಡೆ ತಿರುಗಿದ. "ಅಮ್ಮಾ? ಏನಂತಿದ್ದಾರೆ ಇವರು?"

ಅತ್ತಿಗೆ ಮಗನ ಮುಖ ನೋಡಿದರು, ಪೆಟ್ಟಿಗೆಯನ್ನು ನೋಡಿದರು. ಅರ್ಜಿಯಕ್ಕನನ್ನು ನೋಡಲಿಲ್ಲ.

"ನನಗೇನು ಗೊತ್ತಪ್ಪ. ಪಾಪ, ತಡ್ಕೊಳ್ಳಕ್ಕೆ ಆಗ್ತಿಲ್ಲ ಅವಳಿಗೆ. ಬೆಳಿಗ್ಗೆಯಿಂದ ಒಂದು ತೊಟ್ಟು ನೀರು ಕುಡಿದಿಲ್ಲ. ಕೂರಿಸಿ ಯಾರಾದ್ರೂ."

ಎಷ್ಟೊಂದು ಕೈಗಳು ಬಂದವು. ಬೆನ್ನು ಸವರುವ ಕೈ, ಭುಜ ಹಿಡಿಯುವ ಕೈ, ನೀರಿನ ಬಾಟಲಿ ಚಾಚುವ ಕೈ. ಎಲ್ಲರೂ ಸೇರಿ ಅವಳನ್ನು ಕುರ್ಚಿಯ ಮೇಲೆ ಕೂರಿಸಿದರು. "ಆಗುತ್ತೆ ಅಕ್ಕ, ಇಂಥ ಹೊತ್ತಿನಲ್ಲಿ ಹೀಗೇ ಆಗುತ್ತೆ," ಎಂದು ನಿರ್ದೇಶಕಿ ಅವಳ ಬೆರಳ ನಡುವಿನಿಂದ ಕಾಗದವನ್ನು ಮೆಲ್ಲಗೆ ಬಿಡಿಸಿಕೊಂಡರು.

ಆ ಕುರ್ಚಿಯಲ್ಲಿ ಕೂತು, ಒಂದು ಗಳಿಗೆ, ಅರ್ಜಿಯಕ್ಕನಿಗೆ ಹಳೆಯ ಅನುಮಾನ ಬಂದೇಬಂತು. ನಾನು ಸರಿಯಾಗಿ ಕೇಳಿಸಿಕೊಂಡೆನೇ? ಅಡುಗೆಮನೆ, ಹಾಲು, ಸೀದ ವಾಸನೆ, ಅತ್ತಿಗೆ ಕೈ ಹಿಡಿದದ್ದು. ನಾನೇ ಏನೋ ಅಂದುಕೊಂಡೆನೇ? ಯೋಚನೆ ಮಾಡಿ ನೋಡು. ಅವಳು ಯೋಚನೆ ಮಾಡಿದಳು. ಇಲ್ಲ. ಕೇಳಿಸಿಕೊಂಡಿದ್ದಳು. ಒಂದೊಂದು ಮಾತನ್ನೂ ಕೇಳಿಸಿಕೊಂಡಿದ್ದಳು.

ನಿರ್ದೇಶಕಿ ಓದು ನಿಂತಲ್ಲಿಂದ ಮುಂದುವರಿಸಿದರು. "ಮೂವತ್ತಾರು ವರ್ಷಗಳಲ್ಲಿ ಅವರ ಕೈಯಿಂದ ಒಂದೇ ಒಂದು ಅಂಕಿಯೂ ತಪ್ಪಿ..."

ಅರ್ಜಿಯಕ್ಕ ಎದ್ದಳು. ನೀರಿನ ಬಾಟಲಿಯನ್ನು ಪಕ್ಕದವರ ಕೈಗೆ ಕೊಟ್ಟು, ನಡುವಿದ್ದವರನ್ನು ಸರಿಸಿಕೊಂಡು, ನಿರ್ದೇಶಕಿಯ ಎದುರು ಹೋಗಿ ನಿಂತಳು.

"ಅದು ನನ್ನ ಕಾಗದ ಮೇಡಂ. ಕೊಡಿ."

ಅಂಗೈ ಮೇಲಾಗಿ ಕೈ ಚಾಚಿದಳು. ನಿರ್ದೇಶಕಿ ಓದು ನಿಲ್ಲಿಸಿ ಅತ್ತಿಗೆಯ ಕಡೆ ನೋಡಿದರು. ಮಗನೂ ನೋಡಿದ. ಅತ್ತಿಗೆ ನೆಲ ನೋಡುತ್ತಿದ್ದರು. ಸಲಿಕೆಯವರು ಪೆಟ್ಟಿಗೆ ಇಳಿಸಲೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ಜನರ ನಡುವೆ, ತೆರೆದ ಪೆಟ್ಟಿಗೆಗೆ ಅಡ್ಡವಾಗಿ, ಚಾಚಿದ ಆ ಕೈ ಒಂದಿಷ್ಟೂ ಅಲುಗದೆ ಹಾಗೆಯೇ ಇತ್ತು.